ಬಡಾವಣೆ ಪಾರ್ಕಿಗೆ ಮಕ್ಕಳನ್ನು ಕಳಿಸಬಹುದಾ ಮೇಡಂ?

ಪ್ರಶ್ನೆ: ಡಾಕ್ಟರ್ ಮೇಡಂ, ನಾವು ತುಮಕೂರಿನ ಬಟವಾಡಿ ಕಡೆ ಒಂದು ಬಡಾವಣೆಯಲ್ಲಿದ್ದೇವೆ. ಮಗನಿಗೆ 7 ವರ್ಷ, ಮಗಳಿಗೆ 3. ಮನೆಯಲ್ಲಿ 68 ವರ್ಷದ ಅತ್ತೆ ಇದ್ದಾರೆ. ಅವರಿಗೆ ಶುಗರ್ ಇದೆ, ಏಪ್ರಿಲ್ ಕೊನೆಯಲ್ಲಿ ಒಂದು ಡೋಸ್ ಕೋವಿಶೀಲ್ಡ್ ಆಗಿದೆ. ಕೊರೊನಾ ಅಂತ ನಮ್ಮ ಪಾರ್ಕಿಗೆ ಹೋದ ವರ್ಷದಿಂದ ಬೀಗ. ತೆಗೆಯೋಣ ಅಂತ ಕೆಲವರು, ಮೂರನೇ ಅಲೆ ಮಕ್ಕಳಿಗೇ ಬರುತ್ತಂತೆ ಬೇಡ ಅಂತ ಇನ್ನು ಕೆಲವರು. ತೆಗೆದರೆ ದಿನಾ ಎರಡು ಸಲ ಔಷಧಿ ಹೊಡೆಸಬೇಕು ಅಂತ ಸಂಘದವರು ದುಡ್ಡು ಎತ್ತುತ್ತಿದ್ದಾರೆ. ಮಗ ಬೇರೆ ಹೊರಗೆ ಬರೋದಕ್ಕೇ ಹೆದರುತ್ತಾನೆ, ನಮ್ಮ ಗೇಟಿನ ಹತ್ತಿರವೇ ನಿಂತುಬಿಡುತ್ತಾನೆ. ಕಳಿಸಬಹುದಾ? ಕಳಿಸಿದರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಕಳಿಸಿ. ಬೀಗ ತೆಗೆಸಿ. ಇದು ಜುಲೈ 2021ರ ಕೊನೆ, ಎರಡನೇ ಅಲೆ ಇಳಿದಿದೆ. ಮತ್ತೆ ಕೇಸು ಏರಿದರೆ ಆಗ ಬೇರೆ ಯೋಚಿಸೋಣ. ಈಗ ಪಾರ್ಕ್ ಮುಚ್ಚಿಟ್ಟು ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂದುಕೊಂಡರೆ ಅದು ತಪ್ಪು ಲೆಕ್ಕ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂಘದ ಮೀಟಿಂಗಿನಲ್ಲಿ ನೀವು ಇದನ್ನೇ ಹೇಳಬೇಕಾಗುತ್ತದೆ, ಅಲ್ವಾ?

ಕೊರೊನಾ ಮುಖ್ಯವಾಗಿ ಉಸಿರಿನಿಂದ ಹರಡುತ್ತದೆ. ಮಾತಾಡುವಾಗ, ಕೂಗುವಾಗ, ಕೆಮ್ಮುವಾಗ ಬಾಯಿಂದ ಸಣ್ಣ ಸಣ್ಣ ಹನಿಗಳು ಬರುತ್ತವೆ. ದೊಡ್ಡವು ಕೆಳಗೆ ಬೀಳುತ್ತವೆ. ತೀರಾ ಸಣ್ಣವು ಗಾಳಿಯಲ್ಲೇ ತೇಲುತ್ತವೆ. ದೇವರ ಮನೆಯಲ್ಲಿ ಎರಡು ಊದುಬತ್ತಿ ಹಚ್ಚಿ ಬಾಗಿಲು ಹಾಕಿ ನೋಡಿ. ಅರ್ಧ ಗಂಟೆಯಾದರೂ ಹೊಗೆ ಅಲ್ಲೇ ಸುತ್ತುತ್ತಿರುತ್ತದೆ. ಅದೇ ಊದುಬತ್ತಿಯನ್ನು ಈಗ ತಾರಸಿ ಮೇಲೆ ಹಚ್ಚಿ. ಆಷಾಢದ ಗಾಳಿಗೆ ಹೊಗೆ ಕಣ್ಣಿಗೂ ಕಾಣುವುದಿಲ್ಲ. ಕಾಯಿಲೆ ಶುರುವಾದ ಹೊಸತರಲ್ಲೇ ಜಪಾನಿನಲ್ಲಿ ಒಂದು ಅಧ್ಯಯನ ಆಯಿತು. ಸೋಂಕಿರುವ ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಬಯಲಿಗಿಂತ ಮುಚ್ಚಿದ ಜಾಗದಲ್ಲಿ ಸುಮಾರು 19 ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡುಬಂತು.

ಈಗ ನಿಮ್ಮ ಬಡಾವಣೆಯನ್ನೇ ನೆನೆಸಿಕೊಳ್ಳಿ. ಪಾರ್ಕಿಗೆ ಬೀಗ ಹಾಕಿದ ಮೇಲೆ ಮಕ್ಕಳು ಆಡುವುದನ್ನು ಬಿಟ್ಟರಾ? ಇಲ್ಲ. ಯಾರದೋ ಮನೆ ಹಾಲ್‌ನಲ್ಲಿ ಐದಾರು ಮಕ್ಕಳು ಒಂದು ಮೊಬೈಲ್ ಸುತ್ತ ತಲೆಗೆ ತಲೆ ತಾಗಿಸಿ ಕೂತಿರುತ್ತಾರೆ. ಫ್ಯಾನು ಸುತ್ತುತ್ತಿರುತ್ತದೆ, ಸೊಳ್ಳೆ ಬರುತ್ತದೆ ಅಂತ ಕಿಟಕಿ ಮುಚ್ಚಿರುತ್ತದೆ. ಬಯಲಲ್ಲಿ ಆಡುತ್ತಿದ್ದ ಮಕ್ಕಳನ್ನು ನಾವೇ ಒಳಗೆ ಕೂಡಿದ ಹಾಗಾಯಿತು. ಪಾರ್ಕಿಗೆ ಕಳಿಸಲು ಹೆದರುವವರೇ ಭಾನುವಾರ ಎರಡು ಮನೆಯವರು ಸೇರಿ ಒಂದೇ ಕಾರಿನಲ್ಲಿ ಗಾಜು ಏರಿಸಿಕೊಂಡು ದೇವರಾಯನದುರ್ಗಕ್ಕೋ ನಾಮದ ಚಿಲುಮೆಗೋ ಹೋಗುವುದನ್ನೂ ನೋಡಿದ್ದೇನೆ. ಬೆಟ್ಟ ಬಯಲೇ. ಆದರೆ ಆ ಕಾರು ದೇವರ ಮನೆಗಿಂತ ಚಿಕ್ಕದು.

ಇನ್ನು ಔಷಧಿ ಹೊಡೆಸುವ ವಿಷಯ. ದಯವಿಟ್ಟು ಆ ದುಡ್ಡನ್ನು ಉಳಿಸಿ. 2020ರ ಮಾರ್ಚ್‌ನಲ್ಲಿ ಬಂದ ಒಂದು ವರದಿಯಲ್ಲಿ ವೈರಸ್ ಪ್ಲಾಸ್ಟಿಕ್, ಸ್ಟೀಲ್ ಮೇಲೆ ಎರಡು ಮೂರು ದಿನದವರೆಗೆ ಸಿಕ್ಕಿತ್ತು. ಜನರ ಮನಸ್ಸಿನಲ್ಲಿ ಅದೇ ಉಳಿದುಬಿಟ್ಟಿದೆ. ಅದು ಪ್ರಯೋಗಾಲಯದೊಳಗೆ ಮಾಡಿದ ಪರೀಕ್ಷೆ. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ, ಮಳೆಯಿಲ್ಲ. ಸೋಂಕು ಅಂಟಿದ ವಸ್ತುವನ್ನು ಒಂದು ಸಲ ಮುಟ್ಟಿದರೆ ಕಾಯಿಲೆ ಬರುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈ ವರ್ಷ ಏಪ್ರಿಲ್‌ನಲ್ಲಿ ಹೇಳಿದೆ. ರಸ್ತೆ, ಪಾರ್ಕು ಅಂತ ಬಯಲಿಗೆ ಔಷಧಿ ಸಿಂಪಡಿಸಿ ಪ್ರಯೋಜನವಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೋದ ವರ್ಷವೇ ಹೇಳಿತ್ತು. ಮನುಷ್ಯರ ಮೇಲೆ ಸಿಂಪಡಿಸಲೇಬಾರದು ಅಂತ ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ ಹೇಳಿದೆ. ಹೀಗೆ ಹೊಡೆಯುವ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ ಒದ್ದೆಯಾಗಿರುವಾಗ ಮಗು ಜಾರುಬಂಡೆ ಮೇಲೆ ಕೂತರೆ ತೊಡೆ ಉರಿಯುತ್ತದೆ. ಅದೇ ಕೈಯಲ್ಲಿ ಕಣ್ಣು ಉಜ್ಜಿದರೆ ಕಣ್ಣಿಗೂ ತೊಂದರೆ. ಇದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರಂತೂ ವಿಷದ ಗಾಳಿ ಏಳುತ್ತದೆ. ಬೆಳಿಗ್ಗೆ ಒಂದು ಸಲ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಉಯ್ಯಾಲೆ ಸರಪಳಿ, ಜಾರುಬಂಡೆ ಹಿಡಿ ಒರೆಸಿದರೆ ಸಾಕು.

ಉಳಿದ ದುಡ್ಡಿನಲ್ಲಿ ಗೇಟಿನ ಪಕ್ಕ ಒಂದು ನಲ್ಲಿ ಹಾಕಿಸಿ, ಸೋಪು ಇಡಿ. ಒಳಗೆ ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ 20 ಸೆಕೆಂಡ್ ಕೈ ತೊಳೆಯಲಿ. ಸ್ಯಾನಿಟೈಸರ್ ಬಾಟಲಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಸ್ಟ್ಯಾಂಡಿನ ಮೇಲಿಡುವ ಬಾಟಲಿ ಸಣ್ಣ ಮಕ್ಕಳ ಕಣ್ಣಿನ ಎತ್ತರಕ್ಕೇ ಇರುತ್ತದೆ, ಒತ್ತಿದರೆ ನೇರ ಮುಖಕ್ಕೆ ಹಾರುತ್ತದೆ. ಹೀಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಮಕ್ಕಳನ್ನು ಈ ವರ್ಷ ನಾನೇ ನೋಡಿದ್ದೇನೆ. ಸೋಪು ನೀರು ಅಗ್ಗ, ಅಪಾಯವೂ ಇಲ್ಲ. ಮಣ್ಣಾದ ಕೈಗೆ ಅದೇ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾಗಾದರೆ ಪಾರ್ಕಿನಲ್ಲಿ ಅಪಾಯ ಎಲ್ಲಿದೆ? ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಪಾಯ ಇರುವುದು ಕಟ್ಟೆ ಮೇಲೆ. ಮಕ್ಕಳು ಓಡುತ್ತಿರುತ್ತಾರೆ, ಯಾರ ಮುಖದ ಮುಂದೆಯೂ ಒಂದು ನಿಮಿಷ ನಿಲ್ಲುವುದಿಲ್ಲ. ನಾವು ದೊಡ್ಡವರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಪಕ್ಕ ಪಕ್ಕ ಕೂತು, ಒಂದು ಗಂಟೆ ಮಾತಾಡುತ್ತೇವೆ. ಆಮೇಲೆ ಅದೇ ಉಸಿರನ್ನು ಮನೆಗೆ ಒಯ್ಯುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಹತ್ತಿರ ಬಂದ ಮಕ್ಕಳ ಮನೆಯವರನ್ನು ಕೇಳುತ್ತಾ ಹೋದರೆ ಬಹುಪಾಲು ಒಂದೇ ಕತೆ. ಮೊದಲು ಅಪ್ಪನಿಗೋ ಅಮ್ಮನಿಗೋ ಜ್ವರ, ಮೂರ್ನಾಲ್ಕು ದಿನಕ್ಕೆ ಮಗುವಿಗೆ. ಆದ್ದರಿಂದ ನಿಯಮ ಬರೆಯುವುದಾದರೆ ಮೊದಲು ದೊಡ್ಡವರಿಗೆ ಬರೆಯಿರಿ. ಮಗುವಿನ ಜೊತೆ ಒಬ್ಬರೇ ಬರಲಿ. ಮೂಗು ಬಾಯಿ ಮುಚ್ಚುವ ಹಾಗೆ ಮಾಸ್ಕ್ ಇರಲಿ. ಬೆಂಚಿನಲ್ಲಿ ಒಬ್ಬೊಬ್ಬರೇ ಕೂರಲಿ, ಇಲ್ಲವೇ ನಡೆಯುತ್ತಾ ಮಾತಾಡಲಿ. 18 ದಾಟಿದವರೆಲ್ಲ ಲಸಿಕೆ ಹಾಕಿಸಿಕೊಂಡಿರಲಿ. ಮಕ್ಕಳಿಗೆ ಇನ್ನೂ ಲಸಿಕೆ ಬಂದಿಲ್ಲ. ಸುತ್ತಲಿನ ದೊಡ್ಡವರ ಲಸಿಕೆಯೇ ಸದ್ಯಕ್ಕೆ ಅವರಿಗೂ ರಕ್ಷಣೆ.

ಮಕ್ಕಳ ವಿಷಯದಲ್ಲಿ ಎರಡು ಸಂದರ್ಭಗಳಿಗೆ ನಾನು ಹೆದರುತ್ತೇನೆ. ಒಂದು, ಮಳೆ. ಈ ತಿಂಗಳು ನಮ್ಮ ಕಡೆ ಯಾವಾಗ ತುಂತುರು ಶುರುವಾಗುತ್ತದೋ ಗೊತ್ತಾಗುವುದಿಲ್ಲ. ಬಂದ ಕೂಡಲೇ ಇಪ್ಪತ್ತು ಮಕ್ಕಳೂ ವಾಚ್‌ಮನ್ ಶೆಡ್ಡಿಗೋ ಎದುರು ಮನೆ ಪೋರ್ಟಿಕೋಗೋ ನುಗ್ಗಿ, ಒತ್ತಿಕೊಂಡು ನಿಂತು, ಜೋರಾಗಿ ಕಿರುಚುತ್ತಾರೆ. ಅಷ್ಟು ಹೊತ್ತು ಬಯಲಲ್ಲಿ ಆಡಿದ್ದೆಲ್ಲ ಆ ಹತ್ತು ನಿಮಿಷದಲ್ಲಿ ವ್ಯರ್ಥ. ಮಳೆ ಬಂದರೆ ಸೀದಾ ಅವರವರ ಮನೆಗೆ ಓಡಬೇಕು ಅಂತ ಮೊದಲೇ ಹೇಳಿಕೊಡಿ. ನೆನೆದರೆ ಕೊರೊನಾ ಬರುವುದಿಲ್ಲ, ತಲೆ ಒರೆಸಿದರಾಯಿತು. ಇನ್ನೊಂದು, ಕಣ್ಣಾಮುಚ್ಚಾಲೆ. ಆಡೋದೇ ಬಯಲಲ್ಲಿ, ಬಚ್ಚಿಟ್ಟುಕೊಳ್ಳೋದು ಮಾತ್ರ ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಸಂದಿಯಲ್ಲಿ, ಅರ್ಧ ಕಟ್ಟಿದ ಮನೆಯೊಳಗೆ. ಮೂರ್ನಾಲ್ಕು ಮಕ್ಕಳು ಒಟ್ಟಿಗೆ, ಉಸಿರು ಬಿಗಿಹಿಡಿದುಕೊಂಡು ಕೂರುತ್ತಾರೆ. ಕಟ್ಟುತ್ತಿರುವ ಮನೆಗಳಲ್ಲಿ ಮುಚ್ಚಳವಿಲ್ಲದ ಸಂಪ್ ಇರುತ್ತದೆ, ಅದು ಕೊರೊನಾಗಿಂತ ದೊಡ್ಡ ಭಯ. ಈ ಒಂದು ಆಟ ಸದ್ಯಕ್ಕೆ ಬೇಡ.

ಕಬಡ್ಡಿಯೂ ಬೇಡ. ಒಬ್ಬರ ಮುಖಕ್ಕೆ ಮುಖ ಕೊಟ್ಟು ಕೂಗೋದು, ಆಮೇಲೆ ಎಲ್ಲರೂ ಸೇರಿ ಮೈಮೇಲೆ ಬೀಳೋದು. ಕುಂಟೆಬಿಲ್ಲೆ, ಲಗೋರಿ, ಶಟಲ್, ಹಗ್ಗ ಜಿಗಿತ, ಸೈಕಲ್ಲು, ಎಲ್ಲ ಸರಿ. ಕ್ರಿಕೆಟ್ಟೂ ಸರಿ, ಚೆಂಡಿಗೆ ಎಂಜಲು ಹಚ್ಚಬಾರದು ಅಷ್ಟೇ. ಐಸಿಸಿಯೇ ಹೋದ ವರ್ಷ ಜೂನ್‌ನಲ್ಲಿ ಅದನ್ನು ನಿಲ್ಲಿಸಿದೆ ಅಂತ ಹುಡುಗರಿಗೆ ಹೇಳಿ, ತಕ್ಷಣ ಒಪ್ಪುತ್ತಾರೆ. ತಿಂಡಿ ಹಂಚಿಕೊಳ್ಳುವುದು ಮಾತ್ರ ಸ್ವಲ್ಪ ದಿನ ಇಲ್ಲ. ಕಡಲೆ ಮಿಠಾಯಿಯನ್ನು ಅಂಗಿ ಮುಚ್ಚಿ ಕಚ್ಚಿ ಕಾಗೆ ಎಂಜಲು ಮಾಡಿ ಕೊಡೋದು ನಮ್ಮೆಲ್ಲರ ಬಾಲ್ಯದ ಸುಖ. ನನಗೂ ಇದನ್ನು ಬೇಡ ಅನ್ನೋಕೆ ಕಷ್ಟವಾಗುತ್ತದೆ. ಆದರೆ ಸದ್ಯಕ್ಕೆ ತಿಂಡಿ ಮನೆಗೆ ಹೋಗಿ ತಿನ್ನಲಿ, ನೀರಿನ ಬಾಟಲಿ ಅವರವರದೇ ಇರಲಿ.

ಮಾಸ್ಕ್ ವಿಚಾರಕ್ಕೆ ಬರೋಣ. ನಿಮ್ಮ 3 ವರ್ಷದ ಮಗಳಿಗೆ ಹಾಕಲೇಬೇಡಿ. 5 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಬೇಡ ಅಂತಲೇ ಈ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಇದೆ. 6ರಿಂದ 11 ವರ್ಷದವರು ಸರಿಯಾಗಿ ಹಾಕಿಕೊಳ್ಳಬಲ್ಲರಾದರೆ, ದೊಡ್ಡವರು ನೋಡಿಕೊಳ್ಳುತ್ತಿದ್ದರೆ ಹಾಕಬಹುದು. ಮಗ ದಾರಿಯಲ್ಲಿ, ಗೇಟಿನ ಹತ್ತಿರ, ಉಯ್ಯಾಲೆಗೆ ಸಾಲಿನಲ್ಲಿ ಕಾಯುವಾಗ ಹಾಕಿಕೊಳ್ಳಲಿ. ಓಡುವಾಗ, ಹತ್ತುವಾಗ ತೆಗೆದು ಜೇಬಿನಲ್ಲಿಡಲಿ. ಬೆವರಿಗೆ ಒದ್ದೆಯಾದ ಮಾಸ್ಕ್ ಉಸಿರು ಕಟ್ಟಿಸುತ್ತದೆ. ಕಳೆದುಹೋಗದಿರಲಿ ಅಂತ ಮಾಸ್ಕಿಗೆ ದಾರ ಕಟ್ಟಿ ಕೊರಳಿಗೆ ಹಾಕುವ ಅಭ್ಯಾಸ ಕೆಲವರಿಗಿದೆ. ಜಾರುಬಂಡೆಯ ಮೇಲೆ ಆ ದಾರ ಸಿಕ್ಕಿಹಾಕಿಕೊಂಡರೆ ಕೊರಳಿಗೆ ಉರುಲು. ಪಾರ್ಕಿಗೆ ಹೋಗುವ ಮುಂಚೆ ಅದನ್ನು ತೆಗೆದುಬಿಡಿ.

ಎಷ್ಟು ಮಕ್ಕಳನ್ನು ಬಿಡಬಹುದು ಅಂತ ಸಂಘದವರು ಕೇಳಿಯೇ ಕೇಳುತ್ತಾರೆ. ನಾನು ಹೇಳುವ ಅಂದಾಜು ಇದು: ಒಂದು 30×40 ಸೈಟಿನಷ್ಟು ಜಾಗಕ್ಕೆ ಏಳೆಂಟು ಮಕ್ಕಳು. ಪಾರ್ಕ್ ಮೂರು ಸೈಟಿನಷ್ಟಿದ್ದರೆ ಇಪ್ಪತ್ತು, ಇಪ್ಪತ್ತೆರಡು. ಬೆಳಿಗ್ಗೆ ಏಳೂವರೆವರೆಗೆ ವಾಕಿಂಗ್ ಬರುವ ಹಿರಿಯರಿಗೆ ಬಿಟ್ಟುಬಿಡಿ, ಮಕ್ಕಳು ಆಮೇಲೆ ಬರಲಿ. ಸಂಜೆ ನಾಲ್ಕರಿಂದ ಆರೂವರೆವರೆಗಿನ ಹೊತ್ತನ್ನು ಎರಡು ಭಾಗ ಮಾಡಿ ಕ್ರಾಸ್ ಪ್ರಕಾರ ಹಂಚಿ. ದಿನಾ ಅದೇ ಹೊತ್ತಿಗೆ ಅದೇ ಮಕ್ಕಳು ಬಂದರೆ ಒಂದು ಅನುಕೂಲ ಇದೆ. ಯಾರಿಗಾದರೂ ಪಾಸಿಟಿವ್ ಬಂದರೆ ಹತ್ತು ಹದಿನೈದು ಮನೆಗೆ ಫೋನ್ ಮಾಡಿದರೆ ಮುಗಿಯಿತು, ಇಡೀ ಬಡಾವಣೆ ಗಾಬರಿಯಾಗಬೇಕಿಲ್ಲ. ಭಾನುವಾರ ಅಮಾನಿಕೆರೆ ಕಡೆ ಜನ ಜಾಸ್ತಿ ಇರುತ್ತಾರೆ. ಅದಕ್ಕಿಂತ ಗೊತ್ತಿರುವ ಮಕ್ಕಳಿರುವ ನಿಮ್ಮ ಚಿಕ್ಕ ಪಾರ್ಕೇ ವಾಸಿ.

ಹೀಗೆ ಹೊತ್ತು ಹಂಚುವಾಗ ಒಂದು ತಪ್ಪು ಮಾಡಬೇಡಿ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುವವರ ಮಕ್ಕಳು, ಮನೆಗೆಲಸಕ್ಕೆ ಬರುವವರ ಮಕ್ಕಳು, ವಾಚ್‌ಮನ್ ಮಕ್ಕಳು ಇರುತ್ತಾರೆ. 'ಅವರಿಂದ ಕಾಯಿಲೆ ಬರುತ್ತದೆ' ಅಂತ ಗೇಟಿನಲ್ಲೇ ತಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ತುಂಬಾ ನೋವಾಯಿತು. ವೈರಸ್ಸಿಗೆ ಮನೆಯ ಅಂತಸ್ತು ಗೊತ್ತಿಲ್ಲ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯ ಮಗುವಿಗೆ ಬಯಲು ಎಲ್ಲರಿಗಿಂತ ಹೆಚ್ಚು ಬೇಕು. ಅವರ ಹೆಸರೂ ಪಟ್ಟಿಯಲ್ಲಿರಲಿ, ಅವರಿಗೂ ಅದೇ ಸೋಪು, ಅದೇ ನಿಯಮ.

ಬೀಗ ತೆಗೆಯುವ ಮುಂಚೆ ಒಂದು ದಿನ ಪಾರ್ಕನ್ನು ಪೂರ್ತಿ ನೋಡಿಸಿ. ವರ್ಷಗಟ್ಟಲೆ ಮುಚ್ಚಿದ ಜಾಗ ಅದು. ಉಯ್ಯಾಲೆಯ ಕೊಂಡಿ ಸವೆದಿರುತ್ತದೆ, ನಟ್ಟು ಬೋಲ್ಟು ತುಕ್ಕು ಹಿಡಿದಿರುತ್ತವೆ. ಮೊನ್ನೆ ಬೇರೆ ಬಡಾವಣೆಯೊಂದರಲ್ಲಿ ಉಯ್ಯಾಲೆಗೆ ಕಟ್ಟಿಟ್ಟಿದ್ದ ಹಗ್ಗ ಬಿಚ್ಚಿದ ಮೊದಲ ದಿನವೇ ಅದು ಕಿತ್ತು ಒಬ್ಬ ಹುಡುಗಿಯ ಮುಂಗೈ ಮುರಿಯಿತು. ದೊಡ್ಡವರೊಬ್ಬರು ಕೂತು ಜೋರಾಗಿ ತೂಗಿ ನೋಡಿದ ಮೇಲೆಯೇ ಮಕ್ಕಳನ್ನು ಬಿಡಿ. ಹುಲ್ಲು ಕೊಯ್ಸಿ, ಹಾವು ಹುಳ ಇರಬಹುದು. ಜಾರುಬಂಡೆ ಅಡಿಯಲ್ಲಿ ಕಣಜದ ಗೂಡು ಇದೆಯಾ ನೋಡಿ.

ಎಲ್ಲಕ್ಕಿಂತ ಮುಖ್ಯ, ನಿಂತ ನೀರು. ನೆಟ್ಟಿರುವ ಟೈರುಗಳ ಒಳಗೆ, ಬಿಸಾಕಿದ ಎಳನೀರು ಬುರುಡೆಯಲ್ಲಿ, ಉಯ್ಯಾಲೆ ಕೆಳಗಿನ ಗುಂಡಿಯಲ್ಲಿ ಮಳೆ ನೀರು ನಿಂತಿರುತ್ತದೆ. ಡೆಂಗ್ಯೂ ಸೊಳ್ಳೆ ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರುತ್ತದೆ. ಅದು ಕಚ್ಚುವುದು ಹಗಲಲ್ಲೇ, ಮಕ್ಕಳು ಆಡುವ ಹೊತ್ತಿಗೆ ಸರಿಯಾಗಿ. ಕೊರೊನಾ ಗಲಾಟೆಯಲ್ಲಿ ಡೆಂಗ್ಯೂ ಮರೆತುಬಿಟ್ಟಿದ್ದೇವೆ. ಮಕ್ಕಳ ಡಾಕ್ಟರಾಗಿ ಈ ಮಳೆಗಾಲದಲ್ಲಿ ನನಗೆ ಅದರದೇ ಹೆಚ್ಚು ಚಿಂತೆ. ವಾರಕ್ಕೊಂದು ಸಲ ನೀರು ಚೆಲ್ಲಿಸಿ, ಟೈರಿಗೆ ತೂತು ಹಾಕಿಸಿ, ಮಕ್ಕಳಿಗೆ ತುಂಬು ತೋಳಿನ ಅಂಗಿ ಹಾಕಿ.

ನಿಮ್ಮ ಮಗನಿಗೆ 5 ವರ್ಷಕ್ಕೆ ಕೊಡುವ ಡಿಪಿಟಿ ಬೂಸ್ಟರ್ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಆಗಿದೆಯಾ? ಲಾಕ್‌ಡೌನ್‌ನಲ್ಲಿ ಎಷ್ಟೋ ಮಕ್ಕಳಿಗೆ ತಪ್ಪಿಹೋಗಿದೆ. ಬಿದ್ದು ತರಚಿಕೊಳ್ಳುವ ವಯಸ್ಸು, ತಾಯಿ ಕಾರ್ಡ್ ತೆಗೆದು ನೋಡಿ. ತಪ್ಪಿದ್ದರೆ ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಈ ವಯಸ್ಸಿಗೆ ಯಾವುದು ಕೊಡಬೇಕೋ ಅದನ್ನು ಕೊಡುತ್ತಾರೆ.

ಮೂರನೇ ಅಲೆ ಮಕ್ಕಳಿಗೇ ಬರುತ್ತದೆ ಅನ್ನುವ ಮಾತಿಗೆ ಆಧಾರ ಇಲ್ಲ. ಮುಖ್ಯವಾಗಿ ಮಕ್ಕಳನ್ನೇ ಅದು ಹಿಡಿಯುವ ಸಾಧ್ಯತೆ ಬಹಳ ಕಡಿಮೆ ಅಂತ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಮೇ ತಿಂಗಳಲ್ಲೇ ಹೇಳಿದೆ. ಈ ತಿಂಗಳು 20ಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ನಾಲ್ಕನೇ ರಕ್ತ ಸಮೀಕ್ಷೆಯ ಫಲಿತಾಂಶ ಕೊಟ್ಟಿತು. 6ರಿಂದ 17 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಗಲೇ ಸೋಂಕು ಬಂದುಹೋಗಿದೆ. ಬಹಳಷ್ಟು ಮನೆಗಳಲ್ಲಿ ಬಂದಿದ್ದೂ ಗೊತ್ತಾಗಿಲ್ಲ, ಹೋಗಿದ್ದೂ ಗೊತ್ತಾಗಿಲ್ಲ. ಮಕ್ಕಳಿಗೆ ಏನೂ ಆಗುವುದೇ ಇಲ್ಲ ಅಂತ ಇದರ ಅರ್ಥವಲ್ಲ. ಸೋಂಕು ಬಂದು ಎರಡರಿಂದ ಆರು ವಾರದ ನಂತರ ಮಗುವಿಗೆ ಬಿಡದ ಜ್ವರ, ಕೆಂಪು ಕಣ್ಣು, ಮೈಮೇಲೆ ದದ್ದು, ಹೊಟ್ಟೆ ನೋವು, ವಾಂತಿ ಕಾಣಿಸಿಕೊಂಡರೆ ಒಂದು ದಿನವೂ ತಡ ಮಾಡಬೇಡಿ. ಅದು ಮಿಸ್-ಸಿ ಅನ್ನುವ ತೊಂದರೆ ಇರಬಹುದು. ಅಪರೂಪ, ಆದರೆ ಬೇಗ ಬಂದರೆ ಚಿಕಿತ್ಸೆ ಇದೆ.

ಯಾವ ಮಗು ಪಾರ್ಕಿಗೆ ಬರಬಾರದು? ಜ್ವರ, ಹೊಸ ಕೆಮ್ಮು, ಗಂಟಲು ನೋವು, ಬೇಧಿ ಇರುವ ಮಗು. ಮನೆಯಲ್ಲಿ ಯಾರಿಗಾದರೂ ಪರೀಕ್ಷೆ ಮಾಡಿಸಿ ರಿಪೋರ್ಟಿಗೆ ಕಾಯುತ್ತಿದ್ದರೆ ಆ ಮನೆಯ ಮಗುವೂ ಬೇಡ. ಲಕ್ಷಣ ಕಾಣುವುದಕ್ಕೆ ಎರಡು ದಿನ ಮುಂಚೆಯೇ ಹರಡಲು ಶುರುವಾಗುತ್ತದೆ. 'ಬರೀ ನೆಗಡಿ' ಅಂತ ಕಳಿಸುವ ಅಭ್ಯಾಸ ಈ ಸಲ ಬಿಡಬೇಕು. ಈಗಿನ (2021ರ) ನಿಯಮದಂತೆ ಪಾಸಿಟಿವ್ ಆದ ಮಗುವಿಗೆ ಲಕ್ಷಣ ಶುರುವಾಗಿ 10 ದಿನ ಕಳೆದು, ಕೊನೆಯ ಮೂರು ದಿನ ಜ್ವರ ಇಲ್ಲದಿದ್ದರೆ ಮನೆಯ ಪ್ರತ್ಯೇಕವಾಸ ಮುಗಿಯುತ್ತದೆ. ಜೋರಾಗಿ ಓಡಿಸುವ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸಿ. ಆಮೇಲೆ ಆ ಮಗು ಎಲ್ಲರ ಜೊತೆ ಆಡಬಹುದು. ಎಷ್ಟೋ ಮಕ್ಕಳನ್ನು ಒಂದೆರಡು ತಿಂಗಳು ಯಾರೂ ಹತ್ತಿರ ಸೇರಿಸಲಿಲ್ಲ. ಮಕ್ಕಳು ಟೂ ಬಿಟ್ಟರೆ ನಾಳೆ ರಾಜಿಯಾಗುತ್ತಾರೆ. ದೊಡ್ಡವರು ಹೇಳಿಕೊಟ್ಟ ಟೂ ಹಾಗಲ್ಲ.

ಅತ್ತೆಯವರಿಗೆ ಮೊದಲ ಡೋಸ್ ಆಗಿ, ಎರಡನೆಯದಕ್ಕೆ ಈಗ ಕಾಯಬೇಕಾದ 84 ದಿನ ಕಳೆದಿದೆ. ನಾಳೆಯೇ ಎರಡನೇ ಡೋಸ್ ಹಾಕಿಸಿ. ಪಾರ್ಕಿನ ಪ್ರಶ್ನೆಗಿಂತ ಇದು ತುರ್ತು. ಮಕ್ಕಳು ಆಡಿ ಬಂದ ಕೂಡಲೇ ಕೈಕಾಲು ಮುಖ ತೊಳೆದು ಬಟ್ಟೆ ಬದಲಾಯಿಸಿ ಅಜ್ಜಿಯ ಹತ್ತಿರ ಹೋಗಲಿ. ಅಜ್ಜಿ ಮೊಮ್ಮಕ್ಕಳನ್ನು ದೂರ ಮಾಡಬೇಕಿಲ್ಲ, ಎರಡನೇ ಡೋಸಿನ ಎರಡು ವಾರ ದಾಟುವವರೆಗೆ ಒಂದೇ ಹಾಸಿಗೆಯಲ್ಲಿ ಮಲಗುವುದು ಬೇಡ ಅಷ್ಟೇ. ಶ್ರಾವಣ ಹತ್ತಿರ ಬಂತು. ಛತ್ರಗಳಲ್ಲಿ ಮದುವೆ, ಮನೆ ಮನೆಗೆ ಅರಿಸಿನ ಕುಂಕುಮ ಶುರುವಾಗುತ್ತದೆ. ಅತ್ತೆಯವರಿಗೆ ಮೊಮ್ಮಗನ ಪಾರ್ಕಿಗಿಂತ ಆ ಛತ್ರದ ಊಟದ ಹಾಲ್ ಹೆಚ್ಚು ಅಪಾಯ. ಬೇಡ ಅನ್ನುವುದಾದರೆ ಅದಕ್ಕೆ ಬೇಡ ಅನ್ನಿ.

ಆಟ ಬಿಟ್ಟರೆ ಏನು ನಷ್ಟ ಅಂತ ಸಂಘದಲ್ಲಿ ಯಾರಾದರೂ ಕೇಳಬಹುದು. 5 ದಾಟಿದ ಮಗುವಿಗೆ ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವ ಚಟುವಟಿಕೆ ಬೇಕು. ಕಣ್ಣಿಗೂ ಬಯಲು ಬೇಕು. ಚೀನಾದ ಗುವಾಂಗ್‌ಝೌ ಊರಿನ ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚು ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹಾಗೆ ಬಿಡದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ದೂರದ್ದು ಮಸುಕಾಗುವ ದೋಷ ಬಂದಿತ್ತು, ಬಿಟ್ಟ ಶಾಲೆಗಳಲ್ಲಿ ಸುಮಾರು 30. ಒಂದೂವರೆ ವರ್ಷದಿಂದ ಆನ್‌ಲೈನ್ ಕ್ಲಾಸಿನ ಮುಂದೆ ಕೂತ ಮಕ್ಕಳು ಈಗ ನನ್ನ ಹತ್ತಿರ ಬರುತ್ತಿದ್ದಾರೆ. ತೂಕ ನಾಲ್ಕೈದು ಕೆಜಿ ಜಾಸ್ತಿ, ರಾತ್ರಿ ನಿದ್ದೆ ಇಲ್ಲ, ಗೋಡೆ ಗಡಿಯಾರ ನೋಡಲು ಕಣ್ಣು ಕಿರಿದು ಮಾಡುತ್ತಾರೆ.

ಕೊನೆಗೆ ನಿಮ್ಮ ಮಗನ ವಿಷಯ. ಮೊದಲು ಗುಮ್ಮ ಬರ್ತಾನೆ ಅಂತ ಹೆದರಿಸುತ್ತಿದ್ದೆವು, ಈ ಎರಡು ವರ್ಷ ಕೊರೊನಾ ಬರುತ್ತೆ ಅಂತ ಹೆದರಿಸಿದೆವು. ಮಗು ಅದನ್ನು ನಂಬಿದೆ, ತಪ್ಪು ಅದರದ್ದಲ್ಲ. ಎಳೆದುಕೊಂಡು ಹೋಗಬೇಡಿ, ಬೇರೆ ಮಕ್ಕಳನ್ನು ತೋರಿಸಿ ಹೋಲಿಸಬೇಡಿ. ಮೊದಲೆರಡು ದಿನ ಪಾರ್ಕ್ ಖಾಲಿ ಇರುವಾಗ ನೀವೊಬ್ಬರೇ ಜೊತೆ ಹೋಗಿ. ಆಷಾಢ ಮುಗಿಯೋಕೆ ಇನ್ನೂ ಒಂದು ವಾರಕ್ಕಿಂತ ಜಾಸ್ತಿ ಇದೆ, ಒಂದು ಗಾಳಿಪಟ ಮಾಡಿಕೊಡಿ. ಬಾಲಂಗೋಚಿ ಅವನೇ ಕಟ್ಟಲಿ. ಮಾಂಜಾ ಬೇಡ, ಸಾದಾ ದಾರ ಸಾಕು, ಕರೆಂಟ್ ತಂತಿ ಇಲ್ಲದ ಕಡೆ ನಿಲ್ಲಿಸಿ. ಗಾಳಿಪಟಕ್ಕೆ ಜಾಗ ಬೇಕು, ಹಾಗಾಗಿ ಮಕ್ಕಳು ತಾವಾಗಿಯೇ ದೂರ ದೂರ ನಿಲ್ಲುತ್ತಾರೆ. ಮೂರನೇ ದಿನ ಅವನಿಗೆ ಇಷ್ಟವಾದ ಒಬ್ಬ ಸ್ನೇಹಿತನನ್ನು ಕರೆಯಿರಿ, ಆಮೇಲೆ ಇಬ್ಬರನ್ನು. ಹೀಗೆ ಎರಡು ವಾರ ನೋಡಿ. ಆಗಲೂ ಗೇಟು ದಾಟದಿದ್ದರೆ, ರಾತ್ರಿ ಬೆಚ್ಚಿಬಿದ್ದು ಏಳುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.